ಇಳಿಯದ ಅವಲಕ್ಕಿ

ಮೊದಲ ಚಮಚ ಅವಲಕ್ಕಿ ನಾಲಗೆಯ ಮೇಲೆಯೇ ಕೂತುಬಿಟ್ಟಿತು. ಆಗಾಶೆ ಅಗಿದ. ಮತ್ತೆ ಅಗಿದ. ಬಾಯಲ್ಲಿ ಒಂದು ಹನಿ ಜೊಲ್ಲಿಲ್ಲ.

ಇದು ಹೀಗೇ ಆಗುತ್ತದೆಂದು ಪುಣೆಯ ಮೆಡಿಕಲ್ ಕಾಲೇಜಿನಲ್ಲಿ ವರ್ಷವರ್ಷವೂ ಪಾಠ ಮಾಡುವವನು ಅವನೇ. ಎದುರಿಗೆ ಹುಲಿ ಬಂದರೆ ಸಿಂಪಥೆಟಿಕ್ ನರಗಳು ಏಳುತ್ತವೆ. ಬಾಯಿ ಒಣಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ಕಾದಾಡು, ಇಲ್ಲವೇ ಓಡು.

ಎದುರಿಗೆ ಇದ್ದವಳು ಹುಲಿಯಲ್ಲ, ಸುಲಭಾ ಲಿಮಯೆ. ಹೆಣ್ಣು ನೋಡುವ ಶಾಸ್ತ್ರಕ್ಕೆಂದು ಈರುಳ್ಳಿ ಅವಲಕ್ಕಿ ಮಾಡಿ ತಂದುಕೊಟ್ಟು, ಅವನು ತಿನ್ನುವುದನ್ನೇ ನೋಡುತ್ತ ಕುಳಿತಿದ್ದಳು.

"ಹೆದರ್ಕೊಂಡಿದೀರಾ?"

"ಇಲ್ಲ. ನಾನಲ್ಲ. ನನ್ನ ಸಿಂಪಥೆಟಿಕ್ ನರಮಂಡಲ."

"ಅಯ್ಯೋ, ಅವರನ್ನೂ ಕರ್ಕೊಂಡು ಬಂದಿದೀರಾ? ಮೊದಲೇ ಹೇಳಿದ್ರೆ ಇನ್ನೊಂದು ತಟ್ಟೆ ತರ್ತಿದ್ದೆ."

ಆಗಾಶೆಗೆ ಅವಳು ತುಂಬ ಇಷ್ಟವಾದಳು. ಇದುವರೆಗೆ ನೋಡಿದ ಯಾವ ಹುಡುಗಿಯೂ ಅವನನ್ನು ಹೀಗೆ ರೇಗಿಸಿರಲಿಲ್ಲ. ಇವಳು ಒಪ್ಪದಿದ್ದರೆ ಇನ್ನು ಯಾರೂ ಬೇಡ ಎನ್ನಿಸಿತು. ಹಾಗೆನ್ನಿಸಿದ್ದೇ ತಡ, ಎದೆ ಇನ್ನೂ ಜೋರಾಗಿ ಬಡಿಯತೊಡಗಿತು. ಹುಡುಗಿಗೂ ಹುಲಿಗೂ ಭೇದ ತಿಳಿಯದ ದಡ್ಡ ಎದೆ. ಅದಕ್ಕೆ ಅವನ ಅಪ್ಪಣೆ ಬೇಕಿರಲಿಲ್ಲ. ಹೊಟ್ಟೆಗೂ ಬೇಕಿರಲಿಲ್ಲ, ಬೆವರಿಗೂ ಬೇಕಿರಲಿಲ್ಲ. ಈ ದೇಹದಲ್ಲಿ ತಾನೊಬ್ಬ ಬಾಡಿಗೆದಾರ, ಅದೂ ಮಾಲೀಕ ಮಾತಾಡಿಸದ ಬಾಡಿಗೆದಾರ.

ಒಂದು ಉಪಾಯವಿತ್ತು. ಉಸಿರು ಬಿಗಿಹಿಡಿದು ಹೊಟ್ಟೆಯಿಂದ ತಿಣುಕಿದರೆ ವೇಗಸ್ ನರ ಎಚ್ಚೆತ್ತು ಎದೆಗೆ ಕಡಿವಾಣ ಹಾಕುತ್ತದೆ. ತರಗತಿಯಲ್ಲಿ ಎಷ್ಟೋ ಸಲ ಮಾಡಿಸಿ ತೋರಿಸಿದ್ದ. ಆಗಾಶೆ ಕಣ್ಣುಮುಚ್ಚಿ ತಿಣುಕಿದ. ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು.

ಪಕ್ಕದಲ್ಲಿದ್ದ ಸುಲಭಾಳ ತಂದೆ ಮೆಲ್ಲಗೆ ಬಾಗಿದರು. "ಹಿಂದ್ಗಡೆ, ಎಡಕ್ಕಿರೋ ಬಾಗಿಲು. ಸಂಕೋಚ ಬೇಡಪ್ಪಾ, ನಿಮ್ಮನೆ ಅಂತ್ಲೇ ತಿಳ್ಕೊಳ್ಳಿ."

"ಬಕೆಟ್ಟಲ್ಲಿ ನೀರಿದ್ಯಾ ನೋಡ್ರೀ," ಒಳಗಿನಿಂದ ತಾಯಿ ಕೂಗಿದರು.

ಸುಲಭಾ ಸೆರಗನ್ನು ಬಾಯಿಗೊತ್ತಿಕೊಂಡಳು.

ನೀವು ನನಗೆ ಇಷ್ಟ ಎಂದು ಹೇಳಬೇಕಿತ್ತು. "ಅದಲ್ಲ, ಅದಲ್ಲ" ಎಂದ. ಆಮೇಲೆ ಕಾಲುಗಳು ತಾವೇ ಎದ್ದವು. ಮೆಟ್ಟಿಲು ಇಳಿದದ್ದು ಅವನಿಗೆ ಗೊತ್ತಿಲ್ಲ. ಅವರ ಮನೆಯ ಕೆಳಗಿನ ಹಾಲಿನ ಅಂಗಡಿಯ ಮುಂದೆ ಬರಿಗಾಲಲ್ಲಿ ನಿಂತಾಗ ಕೈಯಲ್ಲಿ ತಟ್ಟೆ ಹಾಗೇ ಇತ್ತು.

ಅಲ್ಲಿ ಹುಲಿ ಇರಲಿಲ್ಲ. ದೇಹ ಅದನ್ನು ಗಮನಿಸಿ, ನಿಷ್ಠಾವಂತ ಗುಮಾಸ್ತನಂತೆ ತನ್ನ ಕೆಲಸಕ್ಕೆ ಮರಳಿತು. ಎದೆ ತಣ್ಣಗಾಯಿತು. ಬಾಯಲ್ಲಿ ನೀರೂರಿತು. ಎಂಥ ಹಸಿವು! ಹಾಲಿಗೆ ಬಂದವರೆಲ್ಲ ನೋಡುತ್ತಿದ್ದಂತೆಯೇ ಆಗಾಶೆ ಗಬಗಬನೆ ತಿಂದ. ಅವಲಕ್ಕಿ ಬಹಳ ಚೆನ್ನಾಗಿತ್ತು. ಅದಕ್ಕೇ ಅವನಿಗೆ ಅಳು ಬಂತು.

ಮೇಲಿನ ಬಾಲ್ಕನಿಯಿಂದ ಸುಲಭಾ ಬಗ್ಗಿದಳು. ನಗುತ್ತಿದ್ದಳೋ, ಕನಿಕರಪಡುತ್ತಿದ್ದಳೋ, ಅಷ್ಟು ಕೆಳಗಿನಿಂದ ತಿಳಿಯಲಿಲ್ಲ.

"ಸಾಕಾ? ಇನ್ನೂ ಸ್ವಲ್ಪ ಬೇಕಾ?"

ಮದುವೆಯಾಗೋಣ ಎಂದು ಕೂಗಲು ಹೊರಟ. ಬಾಯಿ ತುಂಬ ಅವಲಕ್ಕಿ. ಕೈ ಮಾತ್ರ, ಅವನನ್ನು ಕೇಳದೆಯೇ, ಖಾಲಿ ತಟ್ಟೆಯನ್ನು ಮೇಲಕ್ಕೆ ಎತ್ತಿ ಹಿಡಿದಿತ್ತು.