ಗಜನಿಯ ಬಾಗಿಲು ಮತ್ತು ಸುನೀತಾಳ ಎದೆ

2003ರ ಮೇ ತಿಂಗಳು. ಅವರ್ಸಾದ ನಾಗೇಶನ ಮನೆಗೆ ನರ್ಸ್ ದುರ್ಗಾಬಾಯಿ ಬಂದದ್ದು ಇದು ಮೂರನೆಯ ಸಲ. ನಾಗೇಶನ ಮಗಳು ಸುನೀತಾಗೆ ಇಪ್ಪತ್ತೊಂದು ದಿನಕ್ಕೊಮ್ಮೆ ಇಂಜೆಕ್ಷನ್ ಆಗಬೇಕು. ಎರಡು ಸರದಿ ತಪ್ಪಿತ್ತು.

ನಾಗೇಶ ಅಂಗಳದಲ್ಲಿ, ಹೊಳೆದಂಡೆಯ ತಗ್ಗಿನ ಗಜನಿ ಗದ್ದೆಯ ಬಾಗಿಲಿನ ಹಲಗೆಗೆ ಗೇರೆಣ್ಣೆ ಹಚ್ಚುತ್ತಿದ್ದ. ಸಮುದ್ರದ ಇಳಿತದಲ್ಲಿ ಗದ್ದೆಯ ನೀರನ್ನು ಹೊಳೆಗೆ ಬಿಟ್ಟು, ನೀರೇರುವ ಭರತದಲ್ಲಿ ಉಪ್ಪುನೀರು ನುಗ್ಗದಂತೆ ಮುಚ್ಚಿಕೊಳ್ಳುವ ಬಾಗಿಲು ಅದು. ಅದನ್ನು ನೋಡಿಕೊಳ್ಳುವವನು ಅವನೇ.

"ನನ್ನ ಚಪ್ಪಲಿ ಸವೆದು ಹೋಯ್ತು ಮಾರಾಯ. ಕೂಸನ್ನ ಆಸ್ಪತ್ರೆಗೆ ಯಾವಾಗ ತರ್ತೆ?"

"ಗಂಟುನೋವು ಹೋಗಿ ವರ್ಷ ಆಯ್ತಲ್ಲ ಬಾಯಿ. ಓಡ್ತದೆ, ಕುಣೀತದೆ. ಸೂಜಿ ಚುಚ್ಚಿದ್ರೆ ಎರಡು ದಿನ ಕುಂಟ್ತದೆ. ಸುಮ್ನೆ ಎಂತಕ್ಕೆ?"

"ಸುಮ್ನೆಯಾ? ಗಂಟಲುನೋವಿಂದ ಶುರುವಾಗಿ ಗಂಟು ಊದಿಸಿದ ಆ ಜ್ವರ ಹೃದಯದ ಬಾಗಿಲು ಕೆಡಿಸಿದೆ ಅಂತ ಡಾಕ್ಟರು ಹೇಳ್ಳಿಲ್ವಾ?"

"ಹೃದಯಕ್ಕೆ ಎಂತಾ ಬಾಗಿಲು!"

ದುರ್ಗಾಬಾಯಿ ನಿಟ್ಟುಸಿರುಬಿಟ್ಟು, ಇದ್ದಿಲು ಎತ್ತಿಕೊಂಡು ಜಗುಲಿಯ ಮೇಲೆ ನಾಲ್ಕು ಕೋಣೆ ಬರೆದರು.

"ನೋಡು. ಮೈಯೆಲ್ಲ ಸುತ್ತಿದ ರಕ್ತ ಬಲಗಡೆ ಮೇಲಿನ ಕೋಣೆಗೆ ಬರ್ತದೆ. ಅಲ್ಲಿಂದ ಕೆಳಗಿನ ಕೋಣೆಗೆ, ಮತ್ತೆ ಶ್ವಾಸಕೋಶಕ್ಕೆ. ಅಲ್ಲಿ ಪ್ರಾಣವಾಯು ತುಂಬಿಕೊಂಡು ಎಡಗಡೆ ಮೇಲಿನ ಕೋಣೆಗೆ, ಕೆಳಗಿನ ಕೋಣೆಗೆ, ಆಮೇಲೆ ಮೈಗೆಲ್ಲ. ಪ್ರತಿ ಕೋಣೆ ದಾಟೂಕೂ ಒಂದೊಂದು ಬಾಗಿಲು. ರಕ್ತ ಮುಂದೆ ಹೋಗ್ಬೇಕು, ಹಿಂದೆ ಬರಬಾರದು. ಎಡಗಡೆಯ ಎರಡು ಕೋಣೆ ನಡುವಿನ ಬಾಗಿಲು ಸುನೀತಂದು ಸ್ವಲ್ಪ ಸೋರ್ತದೆ."

"ಸೋರಿದ್ರೆ ಕೂಸು ಓಡೂದು ಹೇಂಗೆ?"

"ಅಯ್ಯೋ ದೇವ್ರೇ! ನಿನ್ನ ಈ ಹಲಗೆ ಮುರಿದದ್ಯಾ?"

"ಇಲ್ಲಪ್ಪ."

"ಮತ್ತೆ ವರ್ಷಾ ವರ್ಷಾ ಎಣ್ಣೆ ಎಂತಕ್ಕೆ?"

"ಮುರಿದ ಮೇಲೆ ಹಚ್ಚಿ ಎಂತಾ ಮಾಡೂದು ಬಾಯಿ? ಒಂದು ಭರತಕ್ಕೆ ಉಪ್ಪುನೀರು ಒಳಗೆ ಬಂದ್ರೆ ಗದ್ದೆಯೇ..."

ನಾಗೇಶ ಜಗುಲಿಯ ಮೇಲಿನ ನಾಲ್ಕು ಕೋಣೆಗಳತ್ತ ತಿರುಗಿದ. ಕೈಯ ಬಟ್ಟೆಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ಇಂಜೆಕ್ಷನ್ ಬಾಗಿಲನ್ನ ರಿಪೇರಿ ಮಾಡೂದಿಲ್ಲ," ದುರ್ಗಾಬಾಯಿ ದನಿ ತಗ್ಗಿಸಿದರು. "ಆ ಜ್ವರ ಮತ್ತೆ ಬಂದು ಇನ್ನೂ ಕೆಡದ ಹಾಂಗೆ ಕಾಯ್ತದೆ. ಹುಣ್ಣಿಮೆ, ಅಮಾಸೆ ಭರತ ಮರೆಯದವನಿಗೆ ಇಪ್ಪತ್ತೊಂದು ದಿನ ಮರೀತದ್ಯಾ?"

ನಾಗೇಶ ಕೈ ಒರೆಸಿಕೊಂಡು, ಮಗಳನ್ನು ಆಸ್ಪತ್ರೆಗೆ ಕರೆದೊಯ್ಯಲು ಸೈಕಲ್ ತಂದ. ದುರ್ಗಾಬಾಯಿ ಚಪ್ಪಲಿ ಹುಡುಕಿದರು. ಬಿಸಿಲಲ್ಲಿ ಬಿಟ್ಟದ್ದನ್ನು ಸುನೀತಾ ಯಾವಾಗಲೋ ನೆರಳಿಗೆ ಸರಿಸಿಟ್ಟಿದ್ದಳು. ಕಾಲಿಗೆ ತಣ್ಣಗಿದ್ದವು.

ತಾಯ್ತಂದೆಯರೇ, ಮಕ್ಕಳಿಗೆ ಗಂಟಲುನೋವು, ಜ್ವರ ಬಂದರೆ, ಗಂಟು ಊದಿದರೆ ಡಾಕ್ಟರಿಗೆ ತೋರಿಸಿ. ಈ ಇಂಜೆಕ್ಷನ್ ಶುರುವಾಗಿದ್ದರೆ ಡಾಕ್ಟರು ಹೇಳುವವರೆಗೆ ನಿಲ್ಲಿಸಬೇಡಿ. ಮಗು ಓಡುತ್ತಿರುವಾಗಲೇ ಅದರ ಎದೆಯ ಬಾಗಿಲು ಕಾಯಿರಿ.