ಇಪ್ಪತ್ತರ ವೇಗ

ಸಿಂಗಟಗೆರೆಯ ಮಂಜು ಒಮ್ಮೆಗೇ ಬರುವುದಿಲ್ಲ. ಮೊದಲು ಕೆರೆಯನ್ನು ನುಂಗುತ್ತದೆ, ಆಮೇಲೆ ಏರಿಯ ಮೇಲಿನ ಹುಣಸೆಮರಗಳನ್ನು, ಆಮೇಲೆ ತೆಂಗಿನ ತೋಟಗಳನ್ನು. ಹೊಟ್ಟೆ ತುಂಬದ ರಾಕ್ಷಸಿಯ ಹಾಗೆ ಅದು ಕೊನೆಗೆ ರಸ್ತೆಗೂ ಬಾಯಿ ಹಾಕುವ ಹೊತ್ತಿಗೆ ಯಶೋದಾ ತನ್ನ ವ್ಯಾನಿನಲ್ಲಿ ಶಾಲೆಯ ಮಕ್ಕಳನ್ನು ಕೂರಿಸಿಕೊಂಡು ಕಡೂರಿನ ದಾರಿ ಹಿಡಿದಿರುತ್ತಾಳೆ. ಏಳು ವರ್ಷದಿಂದ ಆ ವ್ಯಾನು ಮಂಜಿನಲ್ಲಿ ಇಪ್ಪತ್ತರ ವೇಗ ದಾಟಿದ್ದಿಲ್ಲ.

ಆ ಡಿಸೆಂಬರಿನ ಬೆಳಿಗ್ಗೆ ಊರು ದಾಟುತ್ತಿದ್ದಂತೆ ತೀರ್ಥೇಶ ಬೈಕಿನಲ್ಲಿ ಹಿಂದೆಯೇ ಬಂದು ವ್ಯಾನಿಗೆ ಅಡ್ಡ ನಿಲ್ಲಿಸಿದ. ಅವನ ಮಗಳು ನಿಖಿತಾ, ಏಳನೇ ಕ್ಲಾಸಿನವಳು, ಕಿಟಕಿಯ ಪಕ್ಕ ಗಣಿತದ ಪುಸ್ತಕ ಬಿಚ್ಚಿಕೊಂಡು ಕೂತಿದ್ದಳು.

“ಏನಕ್ಕಾ ಇದು, ಸ್ಕೂಲ್ ವ್ಯಾನೋ ಮದುವೆ ಮೆರವಣಿಗೆಯೋ? ಇವಳಿಗೆ ಟೆಸ್ಟು ಐತೆ. ಹಿಂಗೋದ್ರೆ ಊಟದ ಬೆಲ್ಲಿಗೆ ತಲುಪ್ತೀಯ. ಇಳಿಯೇ ನಿಖಿತಾ, ಬೈಕಲ್ಲಿ ಬಿಡ್ತೀನಿ.”

“ಹತ್ತು ಮಾರು ಆಚೆ ಏನೂ ಕಾಣ್ತಿಲ್ಲ ಕಣಪ್ಪ ತೀರ್ಥೇಶ. ಇರಲಿ ಬಿಡು, ನಾನೇ ಕರ್ಕೊಂಡೋಗ್ತೀನಿ.”

“ನಾನು ಹುಟ್ಟಿ ಬೆಳೆದ ರಸ್ತೆ ಕಣಕ್ಕ. ಕಣ್ಮುಚ್ಕೊಂಡು ಓಡಿಸ್ತೀನಿ.”

ಇನ್ನೇನು ಹೇಳುವುದು? ಮಗಳು ಅವನವಳು. ಯಶೋದಳೇ ಇಳಿದು ಬಂದು ಬಾಗಿಲು ಎಳೆದಳು. ನಿಖಿತಾ “ಬಾಯ್ ಆಂಟಿ” ಅಂದಳು. ಬೈಕಿನ ಕೆಂಪು ದೀಪ ಕುಂಕುಮದ ಬೊಟ್ಟಿನಷ್ಟಾಗಿ ಅಳಿಸಿಹೋಯಿತು.

ಮೂರು ಕಿಲೋಮೀಟರು ಮುಂದೆ ರಸ್ತೆಯ ಅರ್ಧಕ್ಕೆ ಯಾರೋ ಹುರುಳಿ ಹರವಿದ್ದರು. ಓಡಾಡುವ ಗಾಡಿಗಳೇ ತುಳಿದು ಕಾಳು ಬಿಡಿಸಲಿ ಎಂದು ಹೀಗೆ ಹಾಕಿ, ಅಂಚಿಗೆ ದಪ್ಪ ಕಲ್ಲಿಡುವುದು ಆ ಕಡೆ ಎಲ್ಲ ಊರಲ್ಲೂ ಇದ್ದದ್ದೇ. ಇಬ್ಬನಿಯಲ್ಲಿ ನೆನೆದ ಹುರುಳಿ ಗಿಡ ಎಣ್ಣೆ ಸುರಿದ ಹಾಗೆ ಜಾರುತ್ತದೆ. ಬೈಕು ಚರಂಡಿಯಲ್ಲಿ ಬಿದ್ದಿತ್ತು. ತೀರ್ಥೇಶನ ಮೊಣಕೈ ತರಚಿತ್ತು, ಅಷ್ಟೇ. ನಿಖಿತಾ ಹೊಟ್ಟೆ ಅವುಚಿಕೊಂಡು ಕಲ್ಲಿನ ಪಕ್ಕ ಮುದುರಿದ್ದಳು. ಎಲ್ಲೂ ರಕ್ತವಿರಲಿಲ್ಲ. ಯಶೋದಳಿಗೆ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

ಆಂಬುಲೆನ್ಸು ಕಡೂರಿನಿಂದ ಬಂದು ಮತ್ತೆ ಕಡೂರಿಗೆ ಹೋಗುವಷ್ಟು ಹೊತ್ತು ಕಾಯುವಂತಿರಲಿಲ್ಲ. ಉಳಿದ ಮಕ್ಕಳನ್ನು ಪಕ್ಕದ ತೋಟದ ಮನೆಯ ಹುಲಿಯಮ್ಮನ ಬಳಿ ಬಿಟ್ಟು, ಹುಡುಗಿಯನ್ನು ಹಿಂದಿನ ಸೀಟಿನಲ್ಲಿ ಅಪ್ಪನ ತೊಡೆಯ ಮೇಲೆ ಮಲಗಿಸಿ, ಯಶೋದಾ ವ್ಯಾನು ಹೊರಡಿಸಿದಳು. ಕಡೂರು ಇನ್ನೂ ಹನ್ನೆರಡು ಕಿಲೋಮೀಟರು.

“ಓಡ್ಸಕ್ಕಾ, ಕಾಲು ಹಿಡೀತೀನಿ, ಓಡ್ಸು!”

ಓಡಿಸಬೇಕೆಂದು ಅವಳ ಕಾಲೂ ಹೇಳುತ್ತಿತ್ತು. ದೀಪ ಜೋರು ಮಾಡಿದರೆ ಮಂಜು ಬೆಳ್ಳನೆಯ ಗೋಡೆಯಾಗಿ ಎದ್ದು ನಿಲ್ಲುತ್ತದೆಂದು ಅವಳಿಗೆ ಗೊತ್ತು. ಡಿಮ್ಮಿನಲ್ಲೇ ಇಟ್ಟು, ನಾಲ್ಕೂ ಇಂಡಿಕೇಟರ್ ಹಾಕಿ, ಕಿಟಕಿ ಇಳಿಸಿ, ಎಡಗಡೆಯ ಬಿಳಿ ಗೆರೆಯನ್ನೇ ಕಣ್ಣಲ್ಲಿ ಹಿಡಿದು ಹೊರಟಳು. ಮೀಟರಿನ ಮುಳ್ಳು ಇಪ್ಪತ್ತರಲ್ಲಿ. ಹಿಂದಿನಿಂದ ಮಗುವಿನ ಉಸಿರು ಕೇಳುತ್ತಿತ್ತು.

“ಆಂಟಿ, ಚಳಿ,” ಅಂದಳು ನಿಖಿತಾ.

ಯಶೋದಾ ಒಂದು ಕೈಯಲ್ಲೇ ಸೆರಗಿನ ಮೇಲಿನ ಶಾಲು ಕಿತ್ತು ಹಿಂದಕ್ಕೆಸೆದಳು. ಒಂದು ಕ್ಷಣ ಅವಳಿಗೂ ತಡೆಯಲಾಗಲಿಲ್ಲ. ಮುಳ್ಳು ಮೂವತ್ತಕ್ಕೆ ಏರಿತು. ಕಾಲು ಸಡಿಲಿಸಿದಳು. ಮತ್ತೆ ಇಪ್ಪತ್ತಕ್ಕೆ ಇಳಿಯಿತು, ಅಷ್ಟರಲ್ಲಿ ಮಂಜಿನೊಳಗಿಂದ ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರೊಂದು ಎದುರಾಯಿತು. ಕೆಟ್ಟು ನಿಂತದ್ದು, ಹಿಂದೆ ಒಂದು ದೀಪವೂ ಇಲ್ಲ. ವ್ಯಾನು ಅದಕ್ಕೆ ಒಂದು ಗೇಣು ಉಳಿಸಿ ನಿಂತಿತು.

ತೀರ್ಥೇಶ ಟ್ರ್ಯಾಕ್ಟರು ನೋಡಲಿಲ್ಲ. ಅವನಿಗೆ ಗೊತ್ತಾದದ್ದು ವ್ಯಾನು ನಿಂತದ್ದು ಮಾತ್ರ.

“ಯಾಕೆ ನಿಲ್ಸಿದ್ಯೇ? ನಿಂಗೆ ಮಕ್ಳಿದ್ದಿದ್ರೆ ಗೊತ್ತಾಗ್ತಿತ್ತು!”

ಅವಳು ಟ್ರ್ಯಾಕ್ಟರನ್ನು ಸುತ್ತಿ ಮುಂದೆ ಹೋದಳು.

ಕಡೂರು ಮುಟ್ಟಿದಾಗ ಮಂಜು ತೆಳುವಾಗಿತ್ತು, ಜನ ದಟ್ಟವಾಗಿದ್ದರು. ಬಸ್‌ಸ್ಟ್ಯಾಂಡಿನ ಮುಂದೆ ಬಸ್ಸೊಂದು ಅಡ್ಡಕ್ಕೆ ತಿರುಗುತ್ತಿತ್ತು, ಆಟೋಗಳು ಸಂದಿಯಲ್ಲಿ ಮೂಗು ತೂರಿಸುತ್ತಿದ್ದವು, ಹೂವಿನ ಬುಟ್ಟಿ ಹೊತ್ತ ಹೆಂಗಸರು ಗಾಡಿಗಳ ನಡುವೆಯೇ ದಾಟುತ್ತಿದ್ದರು. ತೀರ್ಥೇಶ ಕಿಟಕಿಯಿಂದ ಅರ್ಧ ಮೈ ಹೊರಹಾಕಿ, “ದಾರಿ ಬಿಡ್ರೋ, ಮಗು ಐತೆ ಕಣ್ರೋ!” ಎಂದು ಕೂಗಿದ. ಕೆಲವರು ಬಿಟ್ಟರು. ಆಸ್ಪತ್ರೆಯ ಗೇಟು ಕಂಡಾಗ ಯಶೋದಳಿಗೆ ಹಿಂದಿನ ಸೀಟಿನ ಉಸಿರು ಕೇಳಲಿಲ್ಲ.

ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು. ಹೊರಗೆ ಬಂದು ಯಶೋದಳನ್ನು ಪಕ್ಕಕ್ಕೆ ಕರೆದರು.

“ನೀವು ತಾಯಿನಾ?”

“ಅಲ್ಲ, ವ್ಯಾನು ಓಡಿಸೋಳು.”

“ಕಲ್ಲಿನ ಪೆಟ್ಟಿಗೆ ಒಳಗೆ ಲಿವರ್ ಹರಿದುಹೋಗಿತ್ತಮ್ಮ. ಬಿದ್ದ ಜಾಗದಲ್ಲೇ ನಾನಿದ್ದಿದ್ರೂ ಉಳಿಸೋಕಾಗ್ತಿರಲಿಲ್ಲ.”

ಆ ಮಾತನ್ನು ಯಶೋದಾ ಯಾರಿಗೂ ಹೇಳದೆ ನುಂಗಿಕೊಳ್ಳಬೇಕೆಂದೇ ಅಂದುಕೊಂಡಳು. ಪಡಸಾಲೆಯ ನೆಲದ ಮೇಲೆ ಕೂತಿದ್ದ ತೀರ್ಥೇಶ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ: “ಇಪ್ಪತ್ತರಲ್ಲಿ ಬಂದ್ಲು. ನನ್ ಮಗಳು ಸಾಯ್ತಿದ್ರೂ ಇಪ್ಪತ್ತರಲ್ಲೇ ಬಂದ್ಲು.” ಹೇಳಲಿ. ಅವನಿಗೆ ಹಿಡಿದುಕೊಳ್ಳಲು ಅದೊಂದಾದರೂ ಇರಲಿ. ಜನ ತಿರುಗಿ ನೋಡಿದರು. ಅವಳು ಗೋಡೆಗೊರಗಿ ನಿಂತೇ ಇದ್ದಳು.

ಆಗ ರುದ್ರಮೂರ್ತಿ ಬಂದ. ಅವನ ಮಗನೂ ಅದೇ ವ್ಯಾನಿನ ಹುಡುಗ. ತೀರ್ಥೇಶನ ಮಾತು ಪೂರ್ತಿ ಕೇಳಿ, ಯಶೋದಳ ಕಡೆ ನೋಡದೆ ಹೇಳಿದ: “ನಾಳೆಯಿಂದ ನಮ್ ಹುಡುಗನ್ನ ನಾನೇ ಬೈಕಲ್ಲಿ ಬಿಡ್ತೀನಿ. ಇವಳ ವ್ಯಾನು ನಂಬ್ಕೊಂಡ್ರೆ ಆಯ್ತು ಕತೆ.”

ನಾಳೆಯೂ ಮಂಜು ಬೀಳುತ್ತದೆ. ನಾಡಿದ್ದೂ ಬೀಳುತ್ತದೆ. ಸಂಕ್ರಾಂತಿಯವರೆಗೂ ಬೀಳುತ್ತದೆ.

“ರುದ್ರಮೂರ್ತಿ,” ಅಂದಳು ಯಶೋದಾ. “ನಾನು ಹಾರ್ಕೊಂಡು ಬಂದಿದ್ರೂ ಮಗು ಉಳೀತಿರಲಿಲ್ಲ. ಡಾಕ್ಟ್ರು ಹೇಳವ್ರೆ, ನೀನೇ ಹೋಗಿ ಕೇಳು. ಪೆಟ್ಟು ಬಿದ್ದಾಗ್ಲೇ ಮುಗಿದೋಗಿತ್ತು. ಬೈಕಲ್ಲಿ, ಅಲ್ಲೇ.”

ತೀರ್ಥೇಶ ಎದ್ದು ಬಂದು ಅವಳ ಕೆನ್ನೆಗೆ ಹೊಡೆದ. ಇನ್ನೊಮ್ಮೆ ಎತ್ತಿದ ಕೈಯನ್ನು ರುದ್ರಮೂರ್ತಿ ಹಿಡಿದುಕೊಂಡ. ಹಿಡಿದ ಕೈ ಹಾಗೇ ಸೋತು ಜೋತುಬಿತ್ತು. ತೀರ್ಥೇಶನ ಬಾಯಿಂದ ಹೊರಟದ್ದು ಅಳುವೂ ಅಲ್ಲ, ಮಾತೂ ಅಲ್ಲ.

ಯಶೋದಾ ಕೆನ್ನೆ ಮುಟ್ಟಿಕೊಳ್ಳಲಿಲ್ಲ.

“ನಾಳೆ ಆರೂಮುಕ್ಕಾಲಿಗೇ ಬತ್ತೀನಿ ರುದ್ರಮೂರ್ತಿ,” ಅಂದಳು. “ದಾರಿ ನಿಧಾನ ಆಯ್ತದೆ. ಹುಡುಗನ್ನ ಬೇಗ ಎಬ್ಬಿಸು.”