ಮೇಲಿನ ಸಾಕೆಟ್

ಶುಕ್ರವಾರ ಬೆಳಿಗ್ಗೆ ಎಂಟರಿಂದ ಹನ್ನೆರಡರೊಳಗೆ ಫೈಬರ್ ಹಾಕಲು ಬರುತ್ತೇವೆ, ಅಷ್ಟರೊಳಗೆ ಎರಡು ಸಾಕೆಟ್ ಖಾಲಿ ಮಾಡಿಡಿ ಎಂದು ಕಂಪನಿಯವರ ಮೆಸೇಜು ಬಂದಿತ್ತು. ತಂತಿ ಒಳಗೆ ಬರುವ ಜಾಗದಿಂದ ಆರಡಿಯೊಳಗೇ ಇರಬೇಕು, ಎಕ್ಸ್‌ಟೆನ್ಶನ್ ಬಾಕ್ಸ್ ನಡೆಯುವುದಿಲ್ಲ, ಗೋಡೆಯ ಸ್ವಿಚ್ಚಿನಿಂದ ಆರಿಹೋಗುವ ಸಾಕೆಟ್ಟಂತೂ ಬೇಡವೇ ಬೇಡ. ಹೆಣ್ಣು ನೋಡಲು ಬರುವವರೂ ಇಷ್ಟು ಷರತ್ತು ಹಾಕುವುದಿಲ್ಲ. ನನ್ನನ್ನು ನೋಡಲು ಬಂದಾಗ ನನ್ನ ಅತ್ತೆ ಮಲ್ಲವ್ವ ಕೇಳಿದ್ದು ಒಂದೇ ಮಾತು, ಚಹಾಕ್ಕೆ ಸಕ್ಕರೆ ಸ್ವಲ್ಪ ಕಡಿಮೆ ಹಾಕು ಅಂತ.

ಫುಲ್‌ಶೀರ್‌ನ ಈ ಮನೆಯಲ್ಲಿ ವಾರವಿಡೀ ಇರುವವರು ನಾವಿಬ್ಬರೇ. ಗಂಡ ಕಲ್ಮೇಶ ಸೋಮವಾರ ನಸುಕಿನಲ್ಲಿ ಕೆಲಸಕ್ಕೆಂದು ಆಸ್ಟಿನ್ ಕಡೆ ಡ್ರೈವ್ ಮಾಡಿದರೆ ಮತ್ತೆ ಮುಖ ತೋರಿಸುವುದು ಶುಕ್ರವಾರ ಸಂಜೆಯೇ. ನಾಲ್ಕು ರಾತ್ರಿ ಅಲ್ಲೇ ಹತ್ತಿರದ ಜಾರ್ಜ್‌ಟೌನ್‌ನಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಅವಲಕ್ಕಿ ತಿಂದು ಕಾಲ ಹಾಕುತ್ತಾನೆ. ನಾನು ಮಾಳಿಗೆಯಲ್ಲಿ ಲ್ಯಾಪ್‌ಟಾಪಿನ ಮುಂದೆ, ಅತ್ತೆ ಕೆಳಗೆ.

ಫೈಬರ್ ಬೇಕೆಂದವರೂ ಅತ್ತೆಯೇ. ಅವರ ಅಕ್ಕ, ನಮ್ಮ ದೊಡ್ಡವ್ವ ಶಿವಬಸವ್ವ, ಡಲ್ಲಾಸ್ ಬಳಿಯ ಸೌತ್‌ಲೇಕ್‌ನಲ್ಲಿ ಮಗನ ಮನೆಯಲ್ಲಿದ್ದಾರೆ, ಇಲ್ಲಿಂದ ನಾಲ್ಕೂವರೆ ತಾಸಿನ ದಾರಿ. ಹದಿನಾಲ್ಕು ತಿಂಗಳ ಹಿಂದೆ ಅವರು ಮನೆ ಮುಂದಿನ ಮೆಟ್ಟಿಲ ಮೇಲೆ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಆಪರೇಶನ್ ಆಗಿ, ರಾಡು ಕೂತು, ಈಗ ವಾಕರ್ ಹಿಡಿದು ಅಂಚೆ ಡಬ್ಬದ ತನಕ ಹೋಗಿ ಬರುತ್ತಾರೆ, ಅಷ್ಟೇ. ದಿನಾ ರಾತ್ರಿ ಊಟವಾದ ಮೇಲೆ ಅಕ್ಕ ತಂಗಿಯರು ವಿಡಿಯೊದಲ್ಲಿ ಕೂಡುತ್ತಾರೆ. ನಮ್ಮ ಹಳೆಯ ಇಂಟರ್‌ನೆಟ್ಟಿನಲ್ಲಿ ದೊಡ್ಡವ್ವನ ಮುಖ ಒಮ್ಮೆ ಚೂರು ಚೂರಾಗುತ್ತಿತ್ತು, ಒಮ್ಮೆ ಬಾಯಿ ತೆರೆದಂತೆ ನಿಂತುಬಿಡುತ್ತಿತ್ತು.

"ನಮ್ಮಕ್ಕನ ಮಾರಿ ನೋಡಿ ವರ್ಷಾತು," ಎಂದಿದ್ದರು ಅತ್ತೆ. "ಬರೇ ತುಕಡಿ ನೋಡಾಕತ್ತೀನಿ."

ಅಕ್ಕ ಬಿದ್ದ ದಿನವೇ ಅತ್ತೆ ಹರಕೆ ಹೊತ್ತಿದ್ದರು. ಅಕ್ಕ ತನ್ನ ಕಾಲ ಮೇಲೆ ನಡೆದು ಈ ಮನೆಯ ಹೊಸ್ತಿಲು ದಾಟುವ ತನಕ ದೇವರ ಮುಂದಿನ ದೀಪ ಆರಬಾರದು. ಕಟ್ಟಿಗೆಯ ಮನೆಯಲ್ಲಿ ಹಗಲೂ ರಾತ್ರಿ ಎಣ್ಣೆಯ ದೀಪ ಬೇಡವೆಂದು ಕಲ್ಮೇಶ ಹಟ ಹಿಡಿದ. ಕೊನೆಗೆ ಹಿಲ್‌ಕ್ರಾಫ್ಟ್ ಬೀದಿಯ ಇಂಡಿಯನ್ ಅಂಗಡಿಯಿಂದ ಒಂದು ಕರೆಂಟಿನ ನಂದಾದೀಪ ಬಂತು. ಹಿತ್ತಾಳೆ ಬಣ್ಣದ ಪ್ಲಾಸ್ಟಿಕ್ಕು, ತುದಿಯಲ್ಲಿ ತಾನೇ ನಡುಗುವ ಬಲ್ಬು. ನನಗೆ ನಗು ಬಂದಿತ್ತು. ಬಿರುಗಾಳಿಗೆ ಎರಡು ದಿನ ಕರೆಂಟು ಹೋದಾಗ ಅತ್ತೆ ಅಡುಗೆಮನೆಯ ಸಿಂಕಿನಲ್ಲಿ ಎಣ್ಣೆಯ ಪಣತಿ ಹಚ್ಚಿ, ಕುರ್ಚಿ ಹಾಕಿಕೊಂಡು, ಎರಡು ರಾತ್ರಿ ಕಣ್ಣು ಮುಚ್ಚದೆ ಕಾದರು. ಅವತ್ತಿನಿಂದ ನಾನು ಆ ಪ್ಲಾಸ್ಟಿಕ್ಕಿಗೆ ನಗುವುದು ಬಿಟ್ಟೆ.

ಗುರುವಾರ ಮಧ್ಯಾಹ್ನ ಅತ್ತೆ ಮಲಗಿದ್ದಾಗ ನಾನು ಸಾಕೆಟ್ ಪರೀಕ್ಷೆಗೆ ಹೊರಟೆ. ಈ ದೇಶದ ಸಾಕೆಟ್ಟಿಗೆ ಪಕ್ಕದಲ್ಲಿ ಸ್ವಿಚ್ಚಿಲ್ಲ, ಯಾವುದು ಬದುಕಿದೆ ಯಾವುದು ಸತ್ತಿದೆ ಎಂದು ನೋಡಿದರೆ ತಿಳಿಯುವುದಿಲ್ಲ. ಬಚ್ಚಲಿನ ಸಣ್ಣ ನೈಟ್‌ಲ್ಯಾಂಪ್ ಕಿತ್ತುಕೊಂಡು ಪರದೆ ಎಳೆದ ಕೋಣೆಗಳಲ್ಲಿ ಅಲೆದೆ. ಚುಚ್ಚಿದಲ್ಲಿ ಒಂದು ಬೊಗಸೆ ಬೆಳಕು, ಕಿತ್ತರೆ ಇಲ್ಲ. ಹೊರಗೆ ಬಿಸಿಲಿಗೆ ಬೀದಿ ಇಡೀ ಮಲಗಿತ್ತು, ಬೇಲಿಯಾಚೆಯ ಬಯಲಿನಲ್ಲಿ ಹುಲ್ಲು ಮಾತ್ರ ತೂಗುತ್ತಿತ್ತು. ನಡೆಯುತ್ತ ನಡೆಯುತ್ತ ಇದು ನನ್ನ ಮನೆಯೇ ಅಲ್ಲವೇನೋ, ಯಾರದೋ ನಿದ್ದೆಯೊಳಗೆ ಹೊಕ್ಕು ಗೋಡೆ ಮುಟ್ಟಿ ನೋಡುತ್ತಿದ್ದೇನೇನೋ ಅನ್ನಿಸಿತು. ಈ ಮನೆಗೆ ಬಂದು ಆರು ವರ್ಷವಾದರೂ ಸೋಫಾದ ಹಿಂದೊಂದು ಸಾಕೆಟ್ಟಿದೆ ಎಂದು ನನಗೆ ಗೊತ್ತಿರಲಿಲ್ಲ. ನಾಳೆ ಬರುವ ತಂತಿ ಕೂದಲಿನಷ್ಟು ತೆಳ್ಳಗಿನ ಗಾಜಂತೆ, ಅದರೊಳಗೆ ಹರಿಯುವುದು ಕರೆಂಟಲ್ಲ, ಬೆಳಕು. ದನ ಮೇಯುವ ಹೊಲಗಳ ಕೆಳಗೆ, ಹೈವೇ ಕೆಳಗೆ, ಯಾರಿಗೂ ಕಾಣದೆ ಸೌತ್‌ಲೇಕ್ ತನಕ ಬೆಳಕು ಓಡುವುದನ್ನು ನೆನೆಯುತ್ತ ಎಷ್ಟೋ ಹೊತ್ತು ಮೆಟ್ಟಿಲ ಮೇಲೆ ಕೂತೆ. ಆಫೀಸಿನ ಮೀಟಿಂಗು ಶುರುವಾಗಿದ್ದೂ ಗೊತ್ತಾಗಲಿಲ್ಲ.

ತಂತಿ ಬರುವುದು ಮುಂದಿನ ಕೋಣೆಗೆ. ಅದೇ ನಮ್ಮ ದೇವರ ಕೋಣೆ. ಬಾಗಿಲಿನಿಂದ ಕಾಣದ ಮೂಲೆಯಲ್ಲಿ ಅತ್ತೆಯ ದೇವರ ಜಗಲಿ, ಅದರ ಮೇಲೆ ಮೂರ್ತಿ, ಫೋಟೊ, ಎದುರಿಗೆ ಟ್ಯಾಬ್ಲೆಟ್ ಇಟ್ಟ ಸಣ್ಣ ಟೇಬಲ್ಲು. ಜಗಲಿಯ ಕೆಳಗೆ ಒಂದೇ ಫಲಕದಲ್ಲಿ ಎರಡು ಸಾಕೆಟ್ಟು. ಮೇಲಿನದರಲ್ಲಿ ನಂದಾದೀಪ, ಕೆಳಗಿನದರಲ್ಲಿ ಟ್ಯಾಬ್ಲೆಟ್ಟಿನ ಚಾರ್ಜರು. ಆಚೆ ಮೂಲೆಯಲ್ಲಿ ಪುಸ್ತಕದ ಕಪಾಟಿನ ಹಿಂದೆ ಇನ್ನೊಂದು ಫಲಕವಿತ್ತು. ಆ ಕಪಾಟು ಸರಿಸುವುದು ನನ್ನಿಂದಾಗುವ ಕೆಲಸವಲ್ಲ ಎಂದು ಅದರ ಆಸೆ ಬಿಟ್ಟೆ. ಬಾಗಿಲ ಬಳಿಯ ಎರಡು ಸ್ವಿಚ್ಚುಗಳಲ್ಲಿ ಒಂದು ಫ್ಯಾನಿನ ದೀಪದ್ದು, ಇನ್ನೊಂದು ಯಾತರದು ಎಂದು ಯಾರೂ ಕೇಳಿಕೊಂಡಿರಲಿಲ್ಲ. ಆರಿಹೋಗುವ ಸಾಕೆಟ್ಟು ಬೇಡ ಎಂಬ ಮೆಸೇಜು ನೆನೆದು ಅದನ್ನು ಕೆಳಗೊತ್ತಿ ಮೂಲೆಗೆ ಹೋದೆ.

ನಂದಾದೀಪ ಆರಿತ್ತು.

ಓಡಿಹೋಗಿ ಸ್ವಿಚ್ಚು ಮೇಲಕ್ಕೊತ್ತಿದೆ, ದೀಪ ಹತ್ತಿತು. ಮತ್ತೊಮ್ಮೆ ಒತ್ತಿದೆ, ಆರಿತು. ಕೆಳಗಿನ ಸಾಕೆಟ್ಟಿಗೆ ಏನೂ ಆಗಲಿಲ್ಲ. ಅರ್ಧ ಫಲಕ ಸ್ವಿಚ್ಚಿನ ಮಾತು ಕೇಳುತ್ತಿತ್ತು, ಅರ್ಧ ಕೇಳುತ್ತಿರಲಿಲ್ಲ.

ಆಮೇಲೆ ಅತ್ತೆಯ ರಾತ್ರಿಯ ಸುತ್ತು ನೆನಪಾಯಿತು. ಇಳಕಲ್ಲಿನ ಮನೆಯಲ್ಲಿ ಒಂದೊಂದು ಪ್ಲಗ್ಗಿಗೂ ಒಂದೊಂದು ಸ್ವಿಚ್ಚು, ಮಲಗುವ ಮುಂಚೆ ಎಲ್ಲವನ್ನೂ ಆರಿಸಿ ಬರುವುದು ಅತ್ತೆಯ ಐವತ್ತು ವರ್ಷದ ರೂಢಿ. ಇಲ್ಲಿಯೂ ರಾತ್ರಿ ಒಂಬತ್ತಕ್ಕೆ ಕೋಣೆಯಿಂದ ಕೋಣೆಗೆ ಹೋಗಿ ಕಂಡ ಸ್ವಿಚ್ಚೆಲ್ಲ ಕೆಳಗೊತ್ತುತ್ತಾರೆ. ಒಮ್ಮೆ ಗ್ಯಾರೇಜಿನದನ್ನೂ ಒತ್ತಿ ಕಲ್ಮೇಶನನ್ನು ಹೊರಗೆ ನಿಲ್ಲಿಸಿದ್ದರು. ಕೊನೆಗೆ ದೇವರ ಕೋಣೆ. ಅಕ್ಕನ ಜೊತೆ ಮಾತು ಮುಗಿಸಿ, ಬಾಗಿಲಲ್ಲಿ ಎರಡೂ ಸ್ವಿಚ್ಚು ಆರಿಸಿ, ಪಡಸಾಲೆಗೆ ಬಂದು ನನಗೆ ದಿನವೂ ಒಂದೇ ವರದಿ ಒಪ್ಪಿಸುತ್ತಾರೆ. "ಎಲ್ಲಾ ಆರಿಸೀನಿ. ದೀಪ ಒಂದ ಐತಿ." ಬೆಳಿಗ್ಗೆ ಕೈ ಮೊದಲು ಎರಡೂ ಸ್ವಿಚ್ಚು ಹಾಕುತ್ತದೆ, ಆಮೇಲೆ ಕಾಲು ಮೂಲೆಗೆ ಹೋಗುತ್ತದೆ. ಹೋದಾಗ ದೀಪ ಉರಿಯುತ್ತಿರುತ್ತದೆ. ಹದಿನಾಲ್ಕು ತಿಂಗಳು, ಸಿಂಕಿನ ಮುಂದೆ ಕಾದ ಆ ಎರಡು ರಾತ್ರಿ ಬಿಟ್ಟರೆ ಒಂದು ರಾತ್ರಿಯೂ ತಪ್ಪದೆ, ತಮ್ಮ ಕೈಯಾರೆ ಆರಿಸಿದ್ದರು.

ಕಲ್ಮೇಶನಿಗೆ ಫೋನ್ ಮಾಡಿದೆ. ಕೇಳಿದ ಕೂಡಲೇ ಜೋರಾಗಿ ನಕ್ಕ, ಆಮೇಲೆ ನಗು ನಿಲ್ಲಿಸಿದ.

"ಅವ್ವಗ ಗೊತ್ತಾದ್ರ, ದೊಡ್ಡವ್ವನ ಕಾಲು ನೆಟ್ಟಗಾಗದಿದ್ದದ್ದ ನನ್ನಿಂದ ಅಂತಾಳ," ಎಂದ. "ಅನ್ನ ನೀರು ಬಿಡ್ತಾಳ. ನೀ ಬಾಯಿ ಬಿಡಬ್ಯಾಡ ಪ್ರೇರಣಾ."

ನನಗೆ ಬಾಯಿ ಬಿಡಬೇಡ ಅನ್ನುವುದು ಮೀನಿಗೆ ಈಜಬೇಡ ಅಂದ ಹಾಗೆ. ಅನ್ನಿಸಿದ್ದನ್ನು ಅಂದುಬಿಡುವವಳು ಎಂದು ತವರಿನಲ್ಲೇ ಹೆಸರಾದವಳು ನಾನು. ಆದರೂ ಒಂದು ಉಪಾಯ ಹೊಳೆಯಿತು. ಫೈಬರಿನ ನೆಪದಲ್ಲಿ ದೀಪವನ್ನು ಅಡುಗೆಮನೆ ಪಕ್ಕದ, ಎಂದೂ ಆರದ ಸಾಕೆಟ್ಟಿಗೆ ದಾಟಿಸಿಬಿಟ್ಟರೆ ಇವತ್ತಿನಿಂದಾದರೂ ಹರಕೆ ನಿಜವಾಗುತ್ತದೆ. ಅಲ್ಲಿಯ ತನಕ ಇರಲೆಂದು ಸ್ವಿಚ್ಚಿನ ಮೇಲೆ ಒಂದು ಟೇಪಿನ ಪಟ್ಟಿ ಅಂಟಿಸಿದೆ.

ಅತ್ತೆ ಎದ್ದು ಬಂದವರು ಮೊದಲು ನೋಡಿದ್ದು ಪಟ್ಟಿಯನ್ನೇ.

"ಇದೇನಿದು?"

"ನಾಳಿ ಬರೋರು ಹಚ್ಚಂದಾರ್ರಿ. ಅತ್ತೇರ, ಜಗಲಿ ಕೆಳಗಿನ ಎರಡೂ ಸಾಕೆಟ್ ಅವರಿಗೆ ಬೇಕಂತ. ದೀಪಾ ಆಚಿ ಕಡೆ ಇಡೂಣ್ರಿ?"

"ಪ್ಲಗ್ ಕಿತ್ತರ ದೀಪ ಆರತೈತಲ್ಲ."

"ಒಂದ ಸೆಕೆಂಡ್ರಿ. ಇಲ್ಲಿ ಕಿತ್ತು ಅಲ್ಲಿ ಹಾಕೂದು."

"ಜೀವ ಹೋಗಾಕ ಎಷ್ಟೊತ್ತು ಬೇಕು?" ಎಂದರು ಅತ್ತೆ. "ಎರಡು ರಾತ್ರಿ ಸಿಂಕ್ ಮುಂದ ಕುಂತು ಕಾದೀನಿ. ಇಂಟರ್‌ನೆಟ್ ಸಲುವಾಗಿ ನನ್ನ ಕೈಲೆ ಆರಿಸಲೇನು? ಬ್ಯಾಡ. ಫೈಬರ್ ಬ್ಯಾಡ. ನಾ ಅಕ್ಕನ ತುಕಡೀನ ನೋಡತೀನಿ."

ನಾಲಿಗೆಯ ತುದಿಗೆ ಬಂದಿತ್ತು. ನಿಮ್ಮ ಕೈಲೇ ನಾನೂರು ಸಲ ಆರಿದೆ ಎಂದು ಒಂದು ಮಾತು ಅಂದಿದ್ದರೆ ವಾದ ಮುಗಿಯುತ್ತಿತ್ತು, ನಾನು ಗೆಲ್ಲುತ್ತಿದ್ದೆ. ಅತ್ತೆ ನನ್ನನ್ನು ನೋಡುತ್ತ ನಿಂತಿದ್ದರು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಜೀವನದಲ್ಲಿ ಮೊದಲ ಬಾರಿಗೆ ಗೆಲ್ಲುವ ಮಾತನ್ನು ನುಂಗಿದೆ.

"ದೊಡ್ಡವ್ವಾರನ್ನ ಕೇಳೂಣ್ರಿ," ಎಂದೆ. "ದೀಪ ಅವರ ಸಲುವಾಗಿ ಐತಿ. ಅವರು ಹೂಂ ಅಂದ್ರ ತೆಗಿಯೂಣು, ಇಲ್ಲಂದ್ರ ಬಿಡೂಣು."

ಇದು ಅತ್ತೆಗೂ ಸರಿ ಕಂಡಿತು. ಟ್ಯಾಬ್ಲೆಟ್ಟಿನಲ್ಲಿ ದೊಡ್ಡವ್ವ ಬಂದರು, ಚೂರು ಚೂರಾಗಿ. ಅತ್ತೆ ವಿಷಯವೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಒಲೆಯ ಮೇಲಿನ ಹಾಲು ನೆನಪಾಗಿ ಅಡುಗೆಮನೆಗೆ ಓಡಿದರು. ಅವರು ಹೋದದ್ದೇ ದೊಡ್ಡವ್ವ ದನಿ ತಗ್ಗಿಸಿದರು.

"ಪ್ರೇರಣಾ, ಸಾಕೆಟ್ ನೋಡಿದಿ ಅಂದ್ರ ನಿನಗ ಗೊತ್ತಾಗಿರಬೇಕಲ್ಲ?"

"ಏನ್ರಿ ದೊಡ್ಡವ್ವಾ?"

"ದೀಪ ರಾತ್ರಿ ಆರೂದು."

ಟೇಬಲ್ಲಿನ ಮುಂದೆ ಕೂತುಬಿಟ್ಟೆ. ಹಿರಿಯರ ಫೋನನ್ನು ಕಿರಿಯರು ಇಡಬಾರದು ಎಂದು ಅತ್ತೆ ಎಂದೂ ಕೆಂಪು ಗುಂಡಿ ಒತ್ತುವುದಿಲ್ಲ, ಬರ್ತೀನಕ್ಕಾ ಎಂದು ಎದ್ದು ಹೋಗುತ್ತಾರೆ. ಅಕ್ಕ ಆ ಕಡೆ ಇನ್ನೂ ನೋಡುತ್ತಲೇ ಇರುತ್ತಾರೆ. ಟ್ಯಾಬ್ಲೆಟ್ಟಿನ ಎದುರಿಗೇ ದೀಪ.

"ಮೊದಲನೇ ದಿನ ಎದಿ ಧಸಕ್ಕಂತು," ಎಂದರು ದೊಡ್ಡವ್ವ. "ನನ್ನ ಕಥಿ ಮುಗೀತು ಅಂದ್ಕೊಂಡು ವಿಭೂತಿ ಹಚ್ಚಿಕೊಂಡು ಮಕ್ಕೊಂಡೆ. ಮುಂಜಾನೆ ಎಚ್ಚರಾತು. ಕಾಲು ಹಂಗ ನೋಯತಿತ್ತು, ಜೀವ ಇತ್ತು. ಎರಡನೇ ದಿನಾನೂ ಆರಿತು. ಹೇಳಬೇಕಂದೆ, ಆಕಿ ಮಾರಿ ನೋಡಿ ಬಾಯಿ ಬರಲಿಲ್ಲ."

"ಈಗ ಆಚಿ ಸಾಕೆಟ್ಟಿಗೆ ಹಾಕಿಬಿಡ್ತೀನ್ರಿ. ಇನ್ನ ಆರೂದಿಲ್ಲ."

"ಬ್ಯಾಡವ್ವಾ." ಚಿತ್ರ ನಿಂತುಹೋಯಿತು, ದನಿ ಮಾತ್ರ ಬಂತು. "ಇಳಕಲ್ಲಾಗ ನಾವಿಬ್ಬರೂ ಒಂದ ಕೌದಿಯಾಗ ಮಕ್ಕೋತಿದ್ವಿ. ಎದ್ದು ಕಂದೀಲು ಆರಿಸೋ ಪಾಳಿ ಯಾವಾಗಲೂ ಸಣ್ಣಾಕೀದು. ಆಕಿ ಆರಿಸಿ ಬಂದು ಮಗ್ಗಲಿಗೆ ಮಕ್ಕೊಂಡ ಮ್ಯಾಲ ನನಗ ನಿದ್ದಿ ಬರತಿತ್ತು. ಈ ಸೊಂಟಾ ಮುರಕೊಂಡ ಮ್ಯಾಲ ಗುಳಿಗಿ ನುಂಗಿದ್ರೂ ಕಣ್ಣು ಮುಚ್ಚತಿರಲಿಲ್ಲ. ಈಗ ದೀಪ ಆರಿತಂದ್ರ ತಂಗಿ ಮಕ್ಕೊಂಡ್ಲು ಅಂತ ತಿಳೀತೈತಿ. ನಾನೂ ಮಕ್ಕೋತೀನಿ. ದೀಪ ಆಕೀದು, ಇರಲಿ. ಆ ಕತ್ತಲಿ ನಂದು. ಅದನ್ನ ಕಸಗೋಬ್ಯಾಡ."

ಅತ್ತೆ ಚಹಾದ ಕಪ್ಪು ಹಿಡಿದು ಬಂದಾಗ ದೊಡ್ಡವ್ವ ದನಿ ಏರಿಸಿ ಹೇಳಿದರು. "ಮಲ್ಲೂ, ದೀಪ ಇದ್ದಲ್ಲೇ ಇರಲಿ. ಆ ಕಂಪನಿಯವರು ಬ್ಯಾರೆ ಜಾಗಾ ನೋಡ್ಕೊಳ್ಳಲಿ." ಅತ್ತೆ ನನ್ನ ಕಡೆ ನೋಡಿದ ನೋಟದಲ್ಲಿ ಗೆದ್ದವರ ಹಿಗ್ಗಿತ್ತು. ಇರಲಿ ಬಿಡಿ ಅಂದುಕೊಂಡೆ.

ನನ್ನಿಂದಾಗದು ಅಂದಿದ್ದ ಕಪಾಟನ್ನು ಸಂಜೆಯ ತನಕ ಖಾಲಿ ಮಾಡಿದೆ. ಕಲ್ಮೇಶ ಎಂದೂ ತೆರೆಯದ ಪುಸ್ತಕ, ಮೂರು ಇಡ್ಲಿ ಸ್ಟ್ಯಾಂಡು, ಒಂದು ಕುಕ್ಕರು, ಎಲ್ಲ ನೆಲಕ್ಕಿಳಿದ ಮೇಲೆ ಬೆನ್ನು ಹಚ್ಚಿ ನೂಕಿದೆ. ಹಿಂದಿನ ಫಲಕದ ಸಾಕೆಟ್ಟು ಯಾವ ಸ್ವಿಚ್ಚಿಗೂ ಜಗ್ಗಲಿಲ್ಲ. ತಂತಿ ಬರುವ ಜಾಗದಿಂದ ಅಳತೆಯ ಟೇಪು ಹಿಡಿದು ನೋಡಿದರೆ ಐದು ಅಡಿ ಎರಡು ಇಂಚು. ಆಮೇಲೆ ಬಾಗಿಲಿಗೆ ಹೋಗಿ ಸ್ವಿಚ್ಚಿನ ಮೇಲಿನ ಪಟ್ಟಿಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ ಕಿತ್ತೆ, ಅಂಟು ಉಳಿಯದ ಹಾಗೆ ಟೀಶರ್ಟಿನ ತುದಿಯಿಂದ ಒರೆಸಿದೆ.

ಶುಕ್ರವಾರ ಬಂದ ಟೆಕ್ನಿಷಿಯನ್ ಮಾತು ಕಡಿಮೆಯ ಮನುಷ್ಯ. ಜಗಲಿ ಕಂಡು ಬೂಟು ಹೊರಗೆ ಬಿಟ್ಟು ಬಂದ. ಚಾರ್ಜರು ಕಿತ್ತ ಕೆಳಗಿನ ಸಾಕೆಟ್ಟಿಗೆ ಫೈಬರಿನ ಬಿಳಿ ಡಬ್ಬಿ, ಕಪಾಟಿನ ಹಿಂದಿನದಕ್ಕೆ ರೂಟರ್. ಮೇಲಿನದು ಖಾಲಿ ಮಾಡಿದರೆ ಎರಡೂ ಒಂದೇ ಕಡೆ ಚೆನ್ನಾಗಿ ಕೂರುತ್ತಿತ್ತು ಎಂದ. ಅದು ಬೇರೆಯವರದು ಎಂದು ಹೇಳಿದೆ.

ಆ ರಾತ್ರಿ ದೊಡ್ಡವ್ವ ಇಡಿಯಾಗಿ ಬಂದರು. ಅತ್ತೆ ಟ್ಯಾಬ್ಲೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿನ ಹತ್ತಿರ ತಂದರು.

"ಗದ್ದದ ಮ್ಯಾಲಿನ ಮಚ್ಚಿ ಕಾಣತೈತಿ ನೋಡಕ್ಕಾ," ಎಂದರು. "ಎಷ್ಟು ಸೊರಗಿ."

"ನೀನೂ ಏನು ಚಂದ ಕಾಣವಲ್ಲಿ," ಎಂದರು ದೊಡ್ಡವ್ವ.

ಒಂಬತ್ತಕ್ಕೆ ಅತ್ತೆ ಬರ್ತೀನಕ್ಕಾ ಎಂದು ಎದ್ದರು. ಕಲ್ಮೇಶ ಬಂದು ಉಂಡು ಮಾಳಿಗೆ ಹತ್ತಿದ್ದ, ನಾನು ಪಡಸಾಲೆಯಲ್ಲಿ ನಿಂತಿದ್ದೆ. ಬಾಗಿಲಲ್ಲಿ ಎರಡು ಸಲ ಟಿಕ್ ಟಿಕ್ ಎಂದು ಸದ್ದಾಯಿತು. ಅತ್ತೆಯನ್ನು ದಾಟಿ ಒಳಗೆ ಒಂದು ಹೆಜ್ಜೆ ಇಟ್ಟು ಮೂಲೆಯ ಕಡೆ ಇಣುಕಿದೆ. ಕತ್ತಲಲ್ಲಿ ಫೈಬರಿನ ಡಬ್ಬಿಯ ಹಸಿರು ಚುಕ್ಕಿ, ಟ್ಯಾಬ್ಲೆಟ್ಟಿನಲ್ಲಿ ದೊಡ್ಡವ್ವನ ಮುಖ, ಒಂದು ಚೂರೂ ಒಡೆಯದೆ. ಅವರು ಆರಿದ ದೀಪದ ಕಡೆ ನೋಡುತ್ತ ಸ್ವಲ್ಪ ಹೊತ್ತು ಕಾದರು, ತಂಗಿ ಬಂದು ಮಗ್ಗುಲಲ್ಲಿ ಮಲಗಲಿ ಅನ್ನುವ ಹಾಗೆ. ಆಮೇಲೆ ಕನ್ನಡಕ ತೆಗೆದಿಟ್ಟು ಗುಂಡಿ ಒತ್ತಿದರು.

ಅತ್ತೆ ತಮ್ಮ ಕೋಣೆಯ ಕಡೆ ಹೋಗುತ್ತ ನನ್ನ ಹತ್ತಿರ ನಿಂತರು.

"ಎಲ್ಲಾ ಆರಿಸೀನಿ. ದೀಪ ಒಂದ ಐತಿ."

"ಹೌದ್ರಿ," ಎಂದೆ. "ಐತ್ರಿ."